ಮೀಟರ್ ಆಫ್, ಮೊಬೈಲ್ ಆನ್: ಬೆಂಗಳೂರಲ್ಲಿ ಆಟೋ ದರ ಈಗ ಯಾರ ಕೈಯಲ್ಲಿದೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲೋ ಬಿಎಂಟಿಸಿಯಲ್ಲೋ ನಿಂತಿರೋರು ಒಂದು ಕೈಯಲ್ಲಿ ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ. ಆಟೋದಲ್ಲಿ ಕೂತಿರೋರು ಸ್ವಲ್ಪ ಮುಂದೆ ಬಗ್ಗಿ ನೋಡಿ. ಮೀಟರ್ ಓಡ್ತಾ ಇದೆಯಾ? ಇಲ್ಲ ಅಲ್ವಾ? ಇವತ್ತಿನ ಸಂಚಿಕೆ ಆ ಆಫ್ ಆಗಿರೋ ಮೀಟರ್ ಬಗ್ಗೆ.

ಇದನ್ನ ಮಾಡಬೇಕು ಅಂತ ನನಗೆ ಅನ್ನಿಸಿದ್ದು ನಮ್ಮಪ್ಪನಿಂದ. ಅಲ್ಲಿಂದಲೇ ಶುರು ಮಾಡ್ತೀನಿ.

ಹದಿನೈದು ತೆಂಗಿನಕಾಯಿ, ನಾಲ್ಕು ನಂಬರ್

ಕಳೆದ ತಿಂಗಳು ಅಪ್ಪ ಊರಿಂದ ಬಂದ್ರು. ನಮ್ಮೂರು ತಿಪಟೂರು ಹತ್ರ. ಅಪ್ಪ ಕೊಬ್ಬರಿ ಮಂಡೀಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಅವರ ಹತ್ರ ಇರೋದು ಬಟನ್ ಫೋನು. ಸ್ಮಾರ್ಟ್‌ಫೋನ್ ಕೊಡಿಸ್ತೀನಿ ಅಂದ್ರೆ, "ಇದರಲ್ಲೇ ನಿನ್ನ ಧ್ವನಿ ಚೆನ್ನಾಗಿ ಕೇಳುತ್ತಲ್ಲಮ್ಮ, ಇನ್ನೇನು ಬೇಕು?" ಅಂತಾರೆ.

ಟ್ರೈನಲ್ಲಿ ಯಶವಂತಪುರಕ್ಕೆ ಬಂದು ಇಳಿದ್ರು. ನಾನಿರೋದು ವಿಜಯನಗರದಲ್ಲಿ. ಮೆಟ್ರೋದಲ್ಲಿ ಬನ್ನಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದ್ರೆ ಆಯ್ತು ಅಂತ ಹೇಳಿದ್ದೆ. ಆದ್ರೆ ಅವರ ಜೊತೆ ಹದಿನೈದು ತೆಂಗಿನಕಾಯಿ ಇರೋ ಚೀಲ, ಇನ್ನೊಂದು ಕೈಯಲ್ಲಿ ಅಮ್ಮ ಕಳಿಸಿದ ಹುಣಸೆಹಣ್ಣು, ಹುರಳಿಕಾಳು. ಸರಿ, ಆಟೋದಲ್ಲೇ ಬರಲಿ ಅಂತಾಯ್ತು. ನಾನು ಆಫೀಸಲ್ಲಿ ಮೀಟಿಂಗಲ್ಲಿದ್ದೆ.

ಅಪ್ಪ ಸ್ಟೇಷನ್ ಹೊರಗೆ ರಸ್ತೆ ಬದಿ ನಿಂತು ಕೈ ಅಡ್ಡ ಹಿಡಿದ್ರು. ಮೊದಲನೇ ಆಟೋ ನಿಲ್ಲಲಿಲ್ಲ. ಎರಡನೇದು ನಿಧಾನ ಮಾಡಿ, "ಬುಕ್ಕಿಂಗ್ ಇದೆ ಯಜಮಾನ್ರೆ" ಅಂತ ಹೋಯ್ತು. ಮೂರನೆಯವನು ನಿಂತ, ವಿಜಯನಗರ ಅಂದ ತಕ್ಷಣ 300 ಕೇಳಿದ. ಪಕ್ಕದಲ್ಲೇ ನಾಲ್ಕು ಖಾಲಿ ಆಟೋ ನಿಂತಿತ್ತಂತೆ, ಡ್ರೈವರ್‌ಗಳೆಲ್ಲ ಫೋನ್ ನೋಡ್ತಾ ಕೂತಿದ್ರಂತೆ. ಅಪ್ಪ ಹತ್ರ ಹೋಗಿ ಕೇಳಿದ್ರೆ ಒಬ್ಬ ಹೇಳಿದ್ದು: "ಆ್ಯಪಲ್ಲಿ ಬುಕ್ ಮಾಡಿ, ನಾವೇ ಬರ್ತೀವಿ."

ಮೂರು ಅಡಿ ದೂರದಲ್ಲಿ ಆಟೋ ಇದೆ, ಹತ್ತೋಕೆ ಮನುಷ್ಯ ಇದ್ದಾರೆ, ಕೊಡೋಕೆ ದುಡ್ಡಿದೆ. ಆದ್ರೂ ಆಟೋ ಸಿಗಲ್ಲ.

ಅಪ್ಪ ನನಗೆ ಫೋನ್ ಮಾಡಿದ್ರು. ನಾನು ಮೀಟಿಂಗಿಂದ ಹೊರಗೆ ಬಂದು ಆ್ಯಪ್ ತೆಗೆದೆ. ಯಾವ ಆ್ಯಪ್ ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯ ಅಲ್ಲ. ದರ 171 ರೂಪಾಯಿ ತೋರಿಸ್ತು. ಎರಡು ನಿಮಿಷ ಕಾದೆ, ಯಾರೂ ಒಪ್ಪಲಿಲ್ಲ. ಆಮೇಲೆ, ಬೇಗ ಆಟೋ ಸಿಗಬೇಕಾದ್ರೆ 20 ರೂಪಾಯಿ ಸೇರಿಸಿ ಅಂತ ಒಂದು ಬಟನ್ ಬಂತು. ಒತ್ತಿದೆ. ಹತ್ತು ಸೆಕೆಂಡಲ್ಲಿ ಆಟೋ ಬುಕ್ ಆಯ್ತು. ಒಟ್ಟು 191.

ಆಮೇಲೆ ಓಟಿಪಿ. "ಅಪ್ಪಾ, ನಾಲ್ಕು ನಂಬರ್ ಹೇಳ್ತೀನಿ, ಡ್ರೈವರ್‌ಗೆ ಅದನ್ನೇ ಹೇಳಿ." ಅಪ್ಪನ ಹತ್ರ ಬರ್ಕೊಳೋಕೆ ಪೆನ್ನಿತ್ತು. ಮಂಡಿ ಗುಮಾಸ್ತರಲ್ವಾ, ಜೇಬಲ್ಲಿ ಪೆನ್ ಇಲ್ಲದೆ ಮನೆಯಿಂದ ಹೊರಡೋದೇ ಇಲ್ಲ. ಟ್ರೈನ್ ಟಿಕೆಟ್ ಹಿಂದೆ ನಂಬರ್ ಬರ್ಕೊಂಡ್ರು. ಬಂದ ಆಟೋ ಯಾವುದು ಗೊತ್ತಾ? ಪಕ್ಕದಲ್ಲಿ ನಿಂತಿದ್ದ ಆ ನಾಲ್ಕರಲ್ಲೇ ಒಂದು!

"ಇದು ಟವಲ್ ವ್ಯಾಪಾರ ಕಣಮ್ಮ"

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ್ರು, "ಅಲ್ಲಮ್ಮ, ಮೀಟರ್ ಹಾಕಿದ್ರೆ ಎಷ್ಟಾಗ್ತಿತ್ತು?"

ನಾನು ಬಿ.ಕಾಂ. ಓದಿದವಳು, ಆದ್ರೂ ನನಗೆ ಥಟ್ ಅಂತ ಗೊತ್ತಾಗಲಿಲ್ಲ. ಗೂಗಲ್ ಮಾಡಿ ನೋಡಿದೆ. 2025ರ ಆಗಸ್ಟ್ 1ರಿಂದ ಬೆಂಗಳೂರಲ್ಲಿ ಆಟೋದ ಅಧಿಕೃತ ದರ ಹೀಗಿದೆ: ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರ್‌ಗೆ 18. ಅದಕ್ಕೆ ಮುಂಚೆ, 2021ರ ಡಿಸೆಂಬರಿಂದ, 30 ಮತ್ತು 15 ಇತ್ತು. ಅಪ್ಪ ಬಂದ ದೂರ ಸುಮಾರು 8 ಕಿಲೋಮೀಟರ್. ಮೊದಲ ಎರಡಕ್ಕೆ 36, ಉಳಿದ ಆರಕ್ಕೆ 108. ಒಟ್ಟು 144.

ಅಪ್ಪ ಅಂದ್ರು, "ನೀನು ಕೊಡಿಸಿದ್ದು 191. ಆದ್ರೆ ಆ ಹುಡುಗ ಅವನ ಫೋನ್ ನನಗೆ ತೋರಿಸ್ದ. ಅವನಿಗೆ ಬರೋದು 168 ಅಂತಿತ್ತು. ಹಂಗಾದ್ರೆ ಮಧ್ಯದ 23 ರೂಪಾಯಿ ಎಲ್ಲೋಯ್ತು?"

ಕಮಿಷನ್ ಅಂದೆ.

ಅಪ್ಪ ಅನ್ನಕ್ಕೆ ಸಾರು ಕಲಸ್ತಾ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು, "ದನದ ಜಾತ್ರೇಲಿ ದಲ್ಲಾಳಿ ಟವಲ್ ಅಡಿ ಕೈ ಹಿಡ್ಕೊಂಡು ಬೆರಳಲ್ಲಿ ಬೆಲೆ ಹೇಳ್ತಾನಲ್ಲ, ಇದೂ ಹಂಗೇ ಕಣಮ್ಮ. ಕೊಳ್ಳೋನಿಗೆ ಒಂದು ಹೇಳ್ತಾನೆ, ಮಾರೋನಿಗೆ ಒಂದು ಹೇಳ್ತಾನೆ. ಸುತ್ತ ಜನ ನಿಂತಿರ್ತಾರೆ, ಯಾರಿಗೂ ಏನೂ ಕಾಣಲ್ಲ."

ಈ ಟವಲ್ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಹಳ್ಳಿ ಕಡೆಯಿಂದ ಬಂದೋರಿಗೆ ಇದು ಗೊತ್ತಿರುತ್ತೆ. ಗೊತ್ತಿಲ್ಲದೋರಿಗೆ ಹೇಳ್ತೀನಿ: ಜಾತ್ರೆಯಲ್ಲಿ ಎತ್ತು ಮಾರುವಾಗ ದಲ್ಲಾಳಿ ಒಂದು ಟವಲ್ ಮುಚ್ಚಿ, ಅದರ ಒಳಗೆ ಬೆರಳು ಒತ್ತಿ ಬೆಲೆ ತಿಳಿಸ್ತಾನೆ. ಬಾಯಲ್ಲಿ ಒಂದು ಮಾತೂ ಇಲ್ಲ. ಇದರಿಂದ ಅನುಕೂಲ ಆಗೋದು ಮುಖ್ಯವಾಗಿ ಇಬ್ಬರ ಬೆಲೆಯೂ ಗೊತ್ತಿರೋ ಒಬ್ಬನಿಗೆ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರ್ತೀನಿ. ಫೋನ್ ಬಂದ್ಮೇಲೆ ನಗರದ ಓಡಾಟದಲ್ಲಿ ಏನೇನು ಬದಲಾಯ್ತು ಅಂದ್ರೆ ನಾವು ಮ್ಯಾಪ್, ಲೈವ್ ಲೊಕೇಶನ್, ಯುಪಿಐ ಅಂತೆಲ್ಲ ಹೇಳ್ತೀವಿ. ಎಲ್ಲ ನಿಜ. ಆದ್ರೆ ಕಾಮರ್ಸ್ ಓದಿದ ನನ್ನ ಕಣ್ಣಿಗೆ ಕಾಣೋ ದೊಡ್ಡ ಬದಲಾವಣೆ ಬೇರೆ. ಬೀದಿಯಲ್ಲಿ ಎಲ್ಲರಿಗೂ ಕಾಣ್ತಿದ್ದ ಒಂದು ಬೆಲೆ ನಮ್ಮ ನಮ್ಮ ಫೋನೊಳಗೆ ಸೇರ್ಕೊಂಡಿದೆ.

ಮೀಟರ್ ಅಂದ್ರೆ ಏನು?

ಮೀಟರ್ ಅಂದ್ರೆ ಬರೀ ಕಿಲೋಮೀಟರ್ ಎಣಿಸೋ ಡಬ್ಬ ಅಂದ್ಕೋಬೇಡಿ. ಅದರ ಹಿಂದೆ ಒಂದು ವ್ಯವಸ್ಥೆ ಇದೆ. ದರ ನಿಗದಿ ಮಾಡೋದು ಸರ್ಕಾರ. ಬೆಂಗಳೂರಲ್ಲಿ ಆ ಆದೇಶ ಬರೋದು ಜಿಲ್ಲಾಧಿಕಾರಿ ಕಡೆಯಿಂದ. ಆ ಡಬ್ಬ ಸರಿಯಾಗಿ ಓಡುತ್ತಾ ಅಂತ ಪರೀಕ್ಷೆ ಮಾಡಿ ಸೀಲ್ ಹಾಕೋದು ಕಾನೂನು ಮಾಪನಶಾಸ್ತ್ರ ಇಲಾಖೆ, ಅಂಗಡಿಯ ತಕ್ಕಡಿಗೆ ಸೀಲ್ ಹಾಕುವ ಅದೇ ಇಲಾಖೆ. ಡ್ರೈವರ್‌ಗೆ ಕಾಣೋ ಸಂಖ್ಯೆಯೇ ಪ್ರಯಾಣಿಕರಿಗೂ ಕಾಣುತ್ತೆ. ನೀವು ಕನ್ನಡದವರೋ ಬಿಹಾರದವರೋ, ಕೈಯಲ್ಲಿ ಐಫೋನ್ ಇದೆಯೋ ಬಟನ್ ಫೋನ್ ಇದೆಯೋ, ನಿಮಗೆ ಎಷ್ಟು ಅರ್ಜೆಂಟು, ಯಾವುದೂ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ದೂರ ಮತ್ತು ಕಾಯಿಸಿದ ಸಮಯ ಮಾತ್ರ.

ಇದನ್ನೇ ನಾನು ಸಾರ್ವಜನಿಕ ಬೆಲೆ ಅಂತ ಕರೀತೀನಿ. ದರ ಸರಿ ಇಲ್ಲ ಅನ್ನಿಸಿದ್ರೆ ಜಗಳ ಆಡಬಹುದು. ಡ್ರೈವರ್‌ಗಳು ದರ ಸಾಲಲ್ಲ ಅಂತ ಮುಷ್ಕರ ಮಾಡಬಹುದು, ಪ್ರಯಾಣಿಕರು ಜಾಸ್ತಿ ಆಯ್ತು ಅಂತ ದೂರು ಕೊಡಬಹುದು. ಇಬ್ಬರೂ ಮಾತಾಡ್ತಿರೋದು ಒಂದೇ ಸಂಖ್ಯೆ ಬಗ್ಗೆ.

ಈಗ ಕಾಮೆಂಟಲ್ಲಿ ನೀವು ಬೈಯೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. "ಮೇಡಂ, ಬೆಂಗಳೂರಲ್ಲಿ ಮೀಟರ್ ಹಾಕಿದ್ದು ಯಾವಾಗ?" ಅಂತ ತಾನೇ? ಒಪ್ಪಿದೆ. ಮೀಟರ್ ಕಾಲ ಸ್ವರ್ಗ ಆಗಿರಲಿಲ್ಲ. "ಮೀಟರ್ ಮೇಲೆ 20 ಕೊಡಿ", "ಒಂದೂವರೆ ಆಗುತ್ತೆ", "ಆ ಕಡೆ ಬರಲ್ಲ" — ಇದೆಲ್ಲ ನಾನೂ ಕೇಳಿದ್ದೀನಿ. ಡಿಗ್ರಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ರಾತ್ರಿ ಒಂಬತ್ತೂವರೆಗೆ ಶಿಫ್ಟ್ ಮುಗೀತಿತ್ತು. ಐದು ಆಟೋ ಕೇಳಿ, ಐದೂ ಬರಲ್ಲ ಅಂದು, ಆರನೆಯವನು ಬಾಯಿಗೆ ಬಂದಷ್ಟು ಕೇಳಿ, ಅವನು ಯಾರು ಏನು ಅಂತ ಗೊತ್ತಿಲ್ಲದೆ ಹತ್ತಿ, ಮನೆ ಬಾಗಿಲವರೆಗೂ ಎದೆ ಡವಡವ ಅಂತ ಕೂತು ಬಂದಿದ್ದೀನಿ. ಆ್ಯಪ್ ಬಂದ್ಮೇಲೆ ಡ್ರೈವರ್ ಹೆಸರು, ಗಾಡಿ ನಂಬರ್ ಗೊತ್ತಾಗುತ್ತೆ. ಲೈವ್ ಲೊಕೇಶನ್ ರೂಮ್‌ಮೇಟ್‌ಗೆ ಕಳಿಸ್ತೀನಿ. ಅದು ನನಗೆ ಕೊಟ್ಟ ಧೈರ್ಯ ಸಣ್ಣದಲ್ಲ. ಅದನ್ನ ವಾಪಸ್ ಕೊಡಿ ಅಂದ್ರೆ ನಾನು ಕೊಡಲ್ಲ.

ಹಾಗಾಗಿ ಆ್ಯಪ್ ಬೇಡ ಅಂತ ನಾನು ಹೇಳ್ತಾ ಇಲ್ಲ. ಸುರಕ್ಷತೆ ಕೊಟ್ಟ ಅದೇ ಸ್ಕ್ರೀನು ಬೆಲೆಯನ್ನ ಯಾಕೆ ಮುಚ್ಚಿಡಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ.

ಎಲ್ಲಿಂದ ಎಲ್ಲಿಗೆ ಬಂದ್ವಿ

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಕತೆಯಲ್ಲಿ ನಮ್ಮ ಬೆಂಗಳೂರು ಬರೀ ಗಿರಾಕಿ ಅಲ್ಲ, ತುಂಬಾ ಪ್ರಯೋಗ ಇಲ್ಲೇ ನಡೆದಿದೆ. ದೀಪಾವಳಿಗೆ ಹೈದರಾಬಾದಿಗೆ ಹೋಗೋಕೆ ಬಸ್ ಟಿಕೆಟ್ ಸಿಗದೆ ಪರದಾಡಿದ ಫಣೀಂದ್ರ ಸಾಮ ಮತ್ತು ಗೆಳೆಯರು 2006ರಲ್ಲಿ ರೆಡ್‌ಬಸ್ ಶುರು ಮಾಡಿದ್ದು ಇಲ್ಲೇ. 2011ರಲ್ಲಿ ಟ್ಯಾಕ್ಸಿ ಫಾರ್ ಶ್ಯೂರ್ ಹುಟ್ಟಿದ್ದು ಇಲ್ಲೇ, 2015ರಲ್ಲಿ ಅದನ್ನ ಓಲಾ ಕೊಂಡುಕೊಳ್ತು. ಊಬರ್ ಭಾರತಕ್ಕೆ ಬಂದಾಗ, 2013ರಲ್ಲಿ, ಮೊದಲು ಇಳಿದಿದ್ದೂ ಬೆಂಗಳೂರಲ್ಲೇ.

ಆಗ ನೆನಪಿದೆಯಾ, ಮೊದಲ ರೈಡ್ ಫ್ರೀ, ಕೂಪನ್ ಹಾಕಿದ್ರೆ ಅರ್ಧ ರೇಟು. ಡ್ರೈವರ್‌ಗಳಿಗೆ ಇನ್ಸೆಂಟಿವ್. ಸಾಲ ಮಾಡಿ ಕಾರ್ ತಗೊಂಡ್ರು ಎಷ್ಟೋ ಜನ. ಆ ಅಗ್ಗದ ದರ ವ್ಯಾಪಾರದಿಂದ ಬಂದ ದರ ಆಗಿರಲಿಲ್ಲ, ಹೂಡಿಕೆದಾರರ ದುಡ್ಡಿಂದ ಬಂದ ದರ. ಅಭ್ಯಾಸ ಹಿಡಿಸೋಕೆ ಕೊಟ್ಟ ಸ್ಯಾಂಪಲ್ ಅದು. ಆಮೇಲೆ ಇನ್ಸೆಂಟಿವ್ ಇಳಿಯಿತು. 2017ರ ಫೆಬ್ರವರಿಯಲ್ಲಿ ಇದೇ ಊರಲ್ಲಿ ಡ್ರೈವರ್‌ಗಳು ಮುಷ್ಕರ ಮಾಡಿದ್ರು. ಅಷ್ಟು ಹೊತ್ತಿಗೆ ನಮಗೂ ಅವರಿಗೂ ಫೋನಿಲ್ಲದೆ ಒಬ್ಬರನ್ನೊಬ್ಬರು ಹುಡುಕೋದು ಮರೆತುಹೋಗಿತ್ತು.

2022ರ ಅಕ್ಟೋಬರಲ್ಲಿ ಆಟೋ ವಿಷಯ ಜೋರಾಯ್ತು. ಸರ್ಕಾರಿ ದರ 2 ಕಿಲೋಮೀಟರ್‌ಗೆ 30 ರೂಪಾಯಿ ಇದ್ದಾಗ ಆ್ಯಪ್‌ಗಳು ಕನಿಷ್ಠ 100 ತಗೊಳ್ತಿವೆ ಅಂತ ದೂರು ಬಂತು. ಸಾರಿಗೆ ಇಲಾಖೆ ಆ್ಯಪ್ ಆಟೋ ನಿಲ್ಲಿಸಿ ಅಂತು. ವಿಷಯ ಹೈಕೋರ್ಟ್‌ಗೆ ಹೋಯ್ತು. ಕೊನೆಗೆ ಸರ್ಕಾರ ನವೆಂಬರಲ್ಲಿ ಒಂದು ಲೆಕ್ಕ ಹೇಳಿತು: ನಿಗದಿತ ಆಟೋ ದರ, ಅದರ ಮೇಲೆ 5% ಅನುಕೂಲ ಶುಲ್ಕ, ಜೊತೆಗೆ ಜಿಎಸ್‌ಟಿ. 2024ರ ಮೇನಲ್ಲಿ ಹೈಕೋರ್ಟ್ ಆ 5 ಪರ್ಸೆಂಟನ್ನ ಎತ್ತಿಹಿಡಿಯಿತು.

ಈ ಲೆಕ್ಕದಲ್ಲಿ ಅಪ್ಪನ ಪ್ರಯಾಣಕ್ಕೆ ಎಷ್ಟಾಗಬೇಕಿತ್ತು? 144ಕ್ಕೆ 5% ಸೇರಿಸಿದ್ರೆ 151 ರೂಪಾಯಿ ಚಿಲ್ಲರೆ, ಮೇಲೆ ಜಿಎಸ್‌ಟಿ. ನಾನು ಕೊಟ್ಟಿದ್ದು 191. ಮಧ್ಯದಲ್ಲಿ ಕಡಿತ ಆಗಿದ್ದು 171ಕ್ಕೆ 23, ಅಂದ್ರೆ ನೂರಕ್ಕೆ ಹದಿಮೂರಕ್ಕಿಂತ ಜಾಸ್ತಿ.

ಕಮಿಷನ್ ಹೋಯ್ತು, ಬೆಲೆ ಎಲ್ಲೋಯ್ತು?

2022ರ ನವೆಂಬರಲ್ಲೇ ಇನ್ನೊಂದು ಘಟನೆ ನಡೀತು. ಬೆಂಗಳೂರಿನ ಆಟೋ ಚಾಲಕರ ಯೂನಿಯನ್ ಮತ್ತು ಜಸ್‌ಪೇ ಕಂಪನಿ ಸೇರಿ ನಮ್ಮ ಯಾತ್ರಿ ಆ್ಯಪ್ ತಂದ್ರು. ಕಮಿಷನ್ ಇಲ್ಲ, ಪ್ರಯಾಣಿಕರು ಕೊಟ್ಟಿದ್ದು ಪೂರ್ತಿ ಡ್ರೈವರ್‌ಗೆ. 2023ರಲ್ಲಿ ದಿನಕ್ಕೆ 25 ರೂಪಾಯಿ ಅಥವಾ ಟ್ರಿಪ್‌ಗೆ ಮೂರೂವರೆ ರೂಪಾಯಿ ಅಂತ ಡ್ರೈವರಿಂದ ಶುಲ್ಕ ಶುರುವಾಯ್ತು. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಸಂತೆಯಲ್ಲಿ ಮಾರಾಟದ ಮೇಲೆ ದಲ್ಲಾಳಿ ಪಾಲು ಕೇಳೋ ಬದಲು ಜಾಗಕ್ಕೆ ದಿನದ ಸುಂಕ ತಗೊಂಡ ಹಾಗೆ. ನನಗಂತೂ ಇದು ಒಳ್ಳೇ ಹೆಜ್ಜೆ ಅನ್ನಿಸಿತು. ಬೇರೆ ಕಂಪನಿಗಳೂ ಹಿಂದೆ ಬಂದ್ವು. 2025ರ ಫೆಬ್ರವರಿಯಲ್ಲಿ ಊಬರ್ ಕೂಡ ಆಟೋಗೆ ಕಮಿಷನ್ ಬಿಟ್ಟು ದಿನದ ಶುಲ್ಕಕ್ಕೆ ಬಂತು.

ಆದ್ರೆ ಅದರ ಜೊತೆಗೆ ಒಂದು ಸಾಲು ಬಂತು ನೋಡಿ. ಆ್ಯಪ್ ತೋರಿಸೋದು ಸಲಹೆ ದರ ಮಾತ್ರ, ಕೊನೆಗೆ ಎಷ್ಟು ಅನ್ನೋದು ಡ್ರೈವರ್ ಮತ್ತು ಪ್ರಯಾಣಿಕ ಮಾತಾಡ್ಕೊಳ್ಳಿ.

ಇದನ್ನ ಓದಿ ನಾನು ನಕ್ಕುಬಿಟ್ಟೆ. ಹತ್ತು ಹನ್ನೆರಡು ವರ್ಷ, ಸ್ಯಾಟಲೈಟು, ಅಲ್ಗಾರಿದಮ್ಮು, ಕೋಟ್ಯಂತರ ರೂಪಾಯಿ, ಎಲ್ಲ ಆದ್ಮೇಲೆ ನಾವು ಬಂದು ನಿಂತಿರೋದು ಎಲ್ಲಿ? ಆಟೋ ಪಕ್ಕದಲ್ಲಿ. "ಎಷ್ಟು ಕೊಡ್ತೀರಾ?" ಅನ್ನೋ ಅದೇ ಹಳೇ ಪ್ರಶ್ನೆಗೆ.

ಅದರ ಮೇಲೆ ಟಿಪ್. ನಾನು ಒತ್ತಿದ್ನಲ್ಲ, ಆ 20 ರೂಪಾಯಿ ಬಟನ್. ಟಿಪ್ ಅಂದ್ರೆ ಸೇವೆ ಚೆನ್ನಾಗಿತ್ತು ಅಂತ ಆಮೇಲೆ ಖುಷಿಯಿಂದ ಕೊಡೋದು. ಗಾಡಿ ಬರೋಕೆ ಮುಂಚೆನೇ ಕೊಡೋದಕ್ಕೆ ಹರಾಜು ಅಂತ ಹೆಸರು. ನಾನು 20 ಸೇರಿಸಿದೆ, ಪಕ್ಕದಲ್ಲಿ ನಿಂತವರು 30 ಸೇರಿಸ್ತಾರೆ, ಆಟೋ ಅವರ ಕಡೆ ಹೋಗುತ್ತೆ. ಮಳೆ ಬಂದಾಗ ಇಡೀ ಕೋರಮಂಗಲ ಒಂದು ಹರಾಜು ಕಟ್ಟೆ. ಯಾರು ಎಷ್ಟು ಕೂಗಿದ್ರು ಅಂತ ಮಾತ್ರ ಯಾರಿಗೂ ಕೇಳಿಸಲ್ಲ. ಕೊಬ್ಬರಿ ಹರಾಜಲ್ಲಾದ್ರೂ ಯಾವ ರಾಶಿ ಎಷ್ಟಕ್ಕೆ ಹೋಯ್ತು ಅಂತ ಬರೆದು ಹಾಕ್ತಾರೆ ಅಂತ ಅಪ್ಪ ಹೇಳ್ತಾರೆ.

2025ರ ಮೇನಲ್ಲಿ ಈ ಮುಂಗಡ ಟಿಪ್ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟಿಸ್ ಕೊಟ್ಟಿತು. ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರೇ ಗ್ರಾಹಕ ವ್ಯವಹಾರಗಳ ಸಚಿವರು, ಅವರೇ ಇದನ್ನ ಸಾರ್ವಜನಿಕವಾಗಿ ಟೀಕಿಸಿದ್ರು. ಅದಕ್ಕೂ ಮುಂಚೆ, ಅದೇ ವರ್ಷ ಜನವರಿಯಲ್ಲಿ, ಐಫೋನಲ್ಲಿ ಒಂದು ದರ, ಆಂಡ್ರಾಯ್ಡಲ್ಲಿ ಒಂದು ದರ ಬರುತ್ತೆ ಅನ್ನೋ ದೂರಿನ ಮೇಲೆ ಓಲಾ, ಊಬರ್ ಎರಡಕ್ಕೂ ನೋಟಿಸ್ ಹೋಗಿತ್ತು. ಎರಡೂ ಕಂಪನಿ ಹಾಗೇನಿಲ್ಲ ಅಂದ್ವು. ಸರಿ, ಇಲ್ಲ ಅಂತಲೇ ಇಟ್ಕೊಳ್ಳೋಣ. ಆದ್ರೆ ಹೊರಗಿನಿಂದ ಪರೀಕ್ಷೆ ಮಾಡೋಕೆ ನನಗೂ ನಿಮಗೂ ಯಾವ ದಾರಿ ಇದೆ? ಆಟೋ ಮೀಟರ್ ಮೇಲೆ ಅನುಮಾನ ಬಂದ್ರೆ ಸೀಲ್ ನೋಡಬಹುದು. ಇಲ್ಲಿ ಸೀಲ್ ಎಲ್ಲಿದೆ?

ಮೆಟ್ರೋ ಕೌಂಟರ್ ಮುಂದೆ

ಅಪ್ಪ ಇದ್ದಾಗ ಒಂದಿನ ಅವರನ್ನ ಮೆಟ್ರೋದಲ್ಲಿ ಕರ್ಕೊಂಡು ಹೋದೆ. ನಾನು ವಾಟ್ಸ್ಆ್ಯಪಲ್ಲಿ ಕ್ಯೂಆರ್ ಟಿಕೆಟ್ ತಗೊಳ್ಳೋಳು. 2022ರ ರಾಜ್ಯೋತ್ಸವದ ದಿನದಿಂದ ಈ ಸೌಲಭ್ಯ ಇದೆ, ಸರತಿ ಸಾಲಲ್ಲಿ ನಿಂತು ನನಗೆ ಮರೆತೇ ಹೋಗಿದೆ. ಅಪ್ಪ ಕೌಂಟರ್‌ಗೆ ಹೋಗಿ ದುಡ್ಡು ಕೊಟ್ಟು ಟಿಕೆಟ್ ತಗೊಂಡ್ರು. ಅಲ್ಲಿ ಅವರು ದರದ ಪಟ್ಟಿ ನೋಡ್ತಾ ನಿಂತ್ರು, ಮಂಡಿಯಲ್ಲಿ ರೇಟ್ ಬೋರ್ಡ್ ನೋಡೋ ಹಾಗೆ. "ಎಲ್ಲರಿಗೂ ಇಷ್ಟೇನಾ?" ಅಂದ್ರು. ಸ್ಮಾರ್ಟ್ ಕಾರ್ಡ್ ಇದ್ರೆ 5% ಕಡಿಮೆ, ಜನ ಕಡಿಮೆ ಇರೋ ಹೊತ್ತಲ್ಲಿ ಹೋದ್ರೆ ಇನ್ನೊಂದು 5% ಕಡಿಮೆ ಅಂದೆ. "ಅದಿರಲಿ ಬಿಡು, ಅದನ್ನೂ ಹೇಳೇ ಮಾಡ್ತಾರಲ್ಲ" ಅಂದ್ರು.

ಮೆಟ್ರೋ ದರ ಕಡಿಮೆ ಅಂತ ನಾನು ಹೇಳ್ತಿಲ್ಲ. 2025ರ ಫೆಬ್ರವರಿ 9ರಂದು ಗರಿಷ್ಠ ದರ 60ರಿಂದ 90ಕ್ಕೆ ಹೋದಾಗ ನಾವೆಲ್ಲ ಎಷ್ಟು ಸಿಟ್ಟಾದ್ವಿ! ಕೆಲವು ನಿಲ್ದಾಣಗಳ ನಡುವೆ ದುಪ್ಪಟ್ಟಿಗಿಂತ ಜಾಸ್ತಿ ಆಗಿತ್ತು. ಜನ ಕೂಗಾಡಿದ್ರು, ಪ್ರತಿಭಟನೆ ಆಯ್ತು, ಒಂದೇ ವಾರದಲ್ಲಿ, ಫೆಬ್ರವರಿ 14ಕ್ಕೆ, ವಿಪರೀತ ಏರಿದ್ದ ಕಡೆ ದರ ಇಳಿಸಿದ್ರು. ಪೂರ್ತಿ ಗೆಲುವು ಅಲ್ಲ, ಇವತ್ತಿಗೂ ದುಬಾರಿನೇ. ಆದ್ರೆ ಜಗಳ ಆಡೋಕೆ ಸಾಧ್ಯ ಆಗಿದ್ದು ಯಾಕೆ? ನನ್ನ ಕಣ್ಣಿಗೆ ಕಂಡ ಸಂಖ್ಯೆಯೇ ನಿಮ್ಮ ಕಣ್ಣಿಗೂ ಕಂಡಿತ್ತು. ಶುಕ್ರವಾರ ಸಂಜೆ 6 ಗಂಟೆ 40 ನಿಮಿಷಕ್ಕೆ ನನ್ನ ಫೋನಲ್ಲಿ ಮಾತ್ರ ಬಂದು, ಎರಡು ನಿಮಿಷಕ್ಕೆ ಮಾಯವಾದ ದರದ ವಿರುದ್ಧ ಯಾರು ಎಲ್ಲಿ ಪ್ರತಿಭಟನೆ ಮಾಡ್ತಾರೆ?

ತಂತ್ರಜ್ಞಾನ ಎರಡು ಕಡೆಯೂ ಒಂದೇ. ಎರಡರಲ್ಲೂ ಫೋನಿದೆ, ಕ್ಯೂಆರ್ ಇದೆ, ಯುಪಿಐ ಇದೆ. ಒಂದರಲ್ಲಿ ಬೆಲೆ ಬೋರ್ಡ್ ಮೇಲಿದೆ, ಫೋನಿಲ್ಲದೋರಿಗೆ ಕೌಂಟರ್ ಇದೆ. ಇನ್ನೊಂದರಲ್ಲಿ ಬೋರ್ಡೂ ಇಲ್ಲ, ಕೌಂಟರೂ ಇಲ್ಲ. ಯಾವುದು ಬೇಕು ಅನ್ನೋದನ್ನ ಮನುಷ್ಯರೇ ಕೂತು ತೀರ್ಮಾನ ಮಾಡಿದ್ದು.

ಡ್ರೈವರ್ ಕಡೆಯಿಂದ ನೋಡಿದ್ರೆ

ಡ್ರೈವರ್‌ಗಳೇ ವಿಲನ್ ಅಂತ ಈ ಸಂಚಿಕೆ ಮುಗಿಸಿದ್ರೆ ಅದು ಮೋಸ ಆಗುತ್ತೆ. ನಮ್ಮ ಬೀದಿ ಕೊನೆಯ ಟೀ ಅಂಗಡಿ ಹತ್ರ ನಿಲ್ಲೋ ಒಬ್ಬ ಅಣ್ಣನ ಹತ್ರ ಮಾತಾಡಿದೆ. ಹ್ಯಾಂಡಲ್ ಮೇಲೆ ಎರಡು ಫೋನು, ಮೂರು ಆ್ಯಪು. "ಮೇಡಂ, ಬೋಣಿ ಆಗೋಕೆ ಮುಂಚೆನೇ ದಿನದ ಶುಲ್ಕ ಕಟ್ಟಿರ್ತೀವಿ. ರಸ್ತೆಯಲ್ಲಿ ಕೈ ಅಡ್ಡ ಹಿಡಿದೋರನ್ನ ಹತ್ತಿಸ್ಕೊಂಡ್ರೆ, ಅಷ್ಟರಲ್ಲಿ ಒಳ್ಳೇ ಬುಕ್ಕಿಂಗ್ ಬಂದು ಹೋಗಿರುತ್ತೆ. ಯಾರಿಗೆ ಯಾವ ಬುಕ್ಕಿಂಗ್ ಯಾಕೆ ಬರುತ್ತೆ ಅಂತ ನಮಗೂ ಗೊತ್ತಿಲ್ಲ" ಅಂದ್ರು.

ಗಮನಿಸಿ, ಕತ್ತಲಲ್ಲಿರೋದು ನಾವು ಮಾತ್ರ ಅಲ್ಲ. ಟವಲ್ ಈ ಕಡೆ ನಾವು, ಆ ಕಡೆ ಅವರು.

ಡ್ರೈವರ್‌ಗಳ ವಿಷಯದಲ್ಲಿ ನಮ್ಮ ರಾಜ್ಯ ಒಂದು ಹೆಜ್ಜೆ ಇಟ್ಟಿದೆ. 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾನೂನಿನಲ್ಲಿ ಪ್ರತಿ ಪಾವತಿಯ ಮೇಲೆ 1ರಿಂದ 5% ವರೆಗೆ ಕಲ್ಯಾಣ ಶುಲ್ಕ ಕಂಪನಿಯಿಂದ ತಗೊಳ್ಳೋ ಅವಕಾಶ ಇದೆ. ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು: ಯಂತ್ರವೇ ತೀರ್ಮಾನ ಮಾಡೋ ಕಡೆ, ಅದು ಯಾವ ಆಧಾರದ ಮೇಲೆ ಅಂತ ಕೆಲಸಗಾರರಿಗೆ ತಿಳಿಸಬೇಕು ಅನ್ನೋ ಅಂಶ. ಜಾರಿ ಹೇಗಾಗುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಆದ್ರೆ "ಲೆಕ್ಕ ತೋರಿಸಿ" ಅಂತ ಕೇಳೋದು ತಪ್ಪಲ್ಲ ಅಂತ ಕಾನೂನೇ ಒಪ್ಕೊಂಡ ಹಾಗಾಯ್ತು. ಆ ಹಕ್ಕು ಪ್ರಯಾಣಿಕರಿಗೂ ಬೇಕು.

ನಾವೇನು ಮಾಡಬಹುದು?

ಮೂರೇ ಮಾತು ಹೇಳ್ತೀನಿ.

ಒಂದು, ಲೆಕ್ಕ ಬಾಯಿಪಾಠ ಮಾಡಿ. ತುಂಬಾ ಸುಲಭ. 2 ಕಿಲೋಮೀಟರ್‌ಗೆ 36 ಅಂದ್ರೆ ಅದೂ ಕಿಲೋಮೀಟರ್‌ಗೆ 18ರ ಲೆಕ್ಕಾನೇ. ಹಾಗಾಗಿ ದೂರ ಎಷ್ಟಿದೆಯೋ ಅದನ್ನ 18ರಿಂದ ಗುಣಿಸಿ, ಕನಿಷ್ಠ 36. ಐದು ಕಿಲೋಮೀಟರ್ ಅಂದ್ರೆ 90. ಹತ್ತು ಅಂದ್ರೆ 180. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಇದು ತಲೆಯಲ್ಲಿದ್ರೆ, ಆ್ಯಪ್ ತೋರಿಸೋ ದರ ನೋಡಿದ ತಕ್ಷಣ ನೀವು ಎಷ್ಟು ಜಾಸ್ತಿ ಕೊಡ್ತಿದ್ದೀರಿ ಅಂತ ಗೊತ್ತಾಗುತ್ತೆ. ಕೊಡಬೇಕಾಗಿ ಬಂದ್ರೆ ಕೊಡಿ, ಆದ್ರೆ ತಿಳ್ಕೊಂಡು ಕೊಡಿ.

ಎರಡು, ಒಂದು ಬೇಡಿಕೆ. ಆ್ಯಪಲ್ಲಿ ದರ ತೋರಿಸೋ ಜಾಗದಲ್ಲೇ, ಪಕ್ಕದಲ್ಲಿ, ಸರ್ಕಾರಿ ಮೀಟರ್ ದರ ಎಷ್ಟಾಗುತ್ತೆ ಅಂತಲೂ ತೋರಿಸಲಿ. ಡ್ರೈವರ್‌ಗೆ ಎಷ್ಟು ಹೋಗುತ್ತೆ ಅಂತಲೂ ಬರೆಯಲಿ. ಎರಡು ಸಾಲು ಅಷ್ಟೇ. ನನ್ನ ಮನೆ ಮುಂದಿನ ಗುಂಡಿ ಎಲ್ಲಿದೆ ಅಂತ ಗೊತ್ತಿರೋ ಆ್ಯಪ್‌ಗೆ ಗುಣಾಕಾರ ಕಷ್ಟ ಆಗಲ್ಲ.

ಮೂರು, ಫೋನಿಲ್ಲದೋರಿಗೆ ಒಂದು ಬಾಗಿಲು. ಪ್ರೀಪೇಯ್ಡ್ ಆಟೋ ಕೌಂಟರ್ ಅನ್ನೋದು ನಮ್ಮೂರಿಗೆ ಹೊಸದಲ್ಲ. ಪ್ರತಿ ರೈಲ್ವೆ ಸ್ಟೇಷನ್, ದೊಡ್ಡ ಬಸ್ ನಿಲ್ದಾಣ, ದೊಡ್ಡ ಆಸ್ಪತ್ರೆ ಮುಂದೆ ಅದು ಚೆನ್ನಾಗಿ ನಡೆಯುವ ಹಾಗಿರಬೇಕು. ಫೋನ್ ಚಾರ್ಜ್ ಮುಗಿದ ನಿಮಗೂ ಅದು ಒಂದಿನ ಬೇಕಾಗುತ್ತೆ. ಬಟನ್ ಫೋನಿರೋ ಅಪ್ಪನಿಗೂ 3% ಬ್ಯಾಟರಿ ಇರೋ ನಮಗೂ ಇರೋ ವ್ಯತ್ಯಾಸ ಐದು ನಿಮಿಷದ್ದು.

ಕೊನೆಗೆ ಅಪ್ಪ ವಾಪಸ್ ಹೋದ ಕತೆ. ಅಮ್ಮನಿಗೆ ಅಂತ ಒಂದು ಗ್ರೈಂಡರ್ ತಗೊಂಡಿದ್ವಿ, ಹಾಗಾಗಿ ಮತ್ತೆ ಆಟೋನೇ. ನಾನು ಫೋನ್ ತೆಗೆದೆ. ಅಪ್ಪ, "ಇರು" ಅಂತ ತಮ್ಮ ಬಟನ್ ಫೋನ್ ತೆಗೆದ್ರು. ಮೊದಲ ದಿನ ಬಂದ ಡ್ರೈವರ್ ನಂಬರ್ ಇಸ್ಕೊಂಡಿದ್ರಂತೆ. ಆತ ತುರುವೇಕೆರೆ ಕಡೆಯೋನು, ದಾರಿ ಉದ್ದಕ್ಕೂ ಕೊಬ್ಬರಿ ರೇಟು, ಮಳೆ ಮಾತಾಡಿದ್ದಾರೆ. ಇಳಿಯುವಾಗ ಅಪ್ಪ ಅವನಿಗೆ ಎರಡು ತೆಂಗಿನಕಾಯಿ ಬೇರೆ ಕೊಟ್ಟಿದ್ದಾರೆ! ಹೇಳಿದ ಟೈಮಿಗೆ ಆಟೋ ಬಂತು. ಗ್ರೈಂಡರ್ ಎತ್ತಿ ಇಟ್ಟ, ಮೀಟರ್ ಹಾಕಿದ. ಯಶವಂತಪುರದಲ್ಲಿ 142 ಆಯ್ತು. ಅಪ್ಪ 150 ಕೊಟ್ರು, ಚಿಲ್ಲರೆ ಬೇಡ ಅಂದ್ರು. ಫೋನಲ್ಲಿ ನನಗೆ ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಜಂಬ ಇತ್ತು. "ನೋಡಿದ್ಯಾ, ನಿನ್ನ ಆ್ಯಪು ಬೇಕಾಗಲಿಲ್ಲ."

ನಾನೂ ನಕ್ಕೆ. ಆದ್ರೆ ಆಮೇಲೆ ಯೋಚನೆ ಮಾಡಿದೆ. ಅಪ್ಪನಿಗೆ ಪಕ್ಕದ ತಾಲೂಕಿನ ಡ್ರೈವರ್ ಸಿಕ್ಕಿದ. ಭಾಷೆ ಒಂದೇ, ಮಾತು ಕೂಡಿತು, ವಿಶ್ವಾಸ ಬಂತು. ರಾಯಚೂರಿಂದ ಇಳಿದ ಹೆಣ್ಣುಮಗಳಿಗೆ, ಅಸ್ಸಾಮಿಂದ ಬಂದ ಸೆಕ್ಯುರಿಟಿ ಗಾರ್ಡ್‌ಗೆ, ಮೊದಲ ಸಲ ಇಂಟರ್‌ವ್ಯೂಗೆ ಬಂದ ಹುಡುಗನಿಗೆ ಹಾಗೆ ಸಿಗಲ್ಲ. ಪರಿಚಯ ಇರೋರಿಗೆ ಯಾವ ಕಾಲದಲ್ಲೂ ಸರಿಯಾದ ರೇಟು ಸಿಕ್ಕಿದೆ. ಮೀಟರ್ ಇದ್ದದ್ದು ಪರಿಚಯ ಇಲ್ಲದೋರಿಗೋಸ್ಕರ. ಬೆಂಗಳೂರಂಥ ಊರಲ್ಲಿ ನಾವೆಲ್ಲ ಒಂದಿನ ಹಾಗೇ ಬಂದು ಇಳಿದವರು ತಾನೇ?

ಇವತ್ತಿಗೆ ಇಷ್ಟೇ. ನಿಮ್ಮ ಕೊನೆಯ ಆಟೋ ಪ್ರಯಾಣದ ಲೆಕ್ಕ ಮಾಡಿ ನೋಡಿ: ಎಷ್ಟು ಕಿಲೋಮೀಟರ್, 18ರ ಲೆಕ್ಕದಲ್ಲಿ ಎಷ್ಟಾಗಬೇಕಿತ್ತು, ಕೊಟ್ಟಿದ್ದೆಷ್ಟು. ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಹಾಕ್ತೀನಿ. ಆಟೋ ಡ್ರೈವರ್‌ಗಳು ಕೇಳ್ತಿದ್ರೆ ನಿಮ್ಮ ಲೆಕ್ಕಾನೂ ಕಳಿಸಿ, ಅದೂ ನಮಗೆ ಗೊತ್ತಾಗಬೇಕು. ಹುಷಾರಾಗಿ ಮನೆ ಸೇರ್ಕೊಳ್ಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.